ಸೀಳಿ ನೋಡಿದ ತೊಗರಿ ಗಿಡ

ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ಆಳಂದ ರಸ್ತೆಯ ನಮ್ಮ ಕೃಷಿ ಕಾಲೇಜಿನ ಹೊಲದಲ್ಲಿ ತೊಗರಿ ಹೂವಿಗೆ ಬಂದಿತ್ತು. ನಡುವೆ ಒಂದಿಷ್ಟು ಗಿಡ ನಿಂತಲ್ಲೇ ಒಣಗಿದ್ದವು.

"ಇದೇನದ ಹೇಳವ್ವಾ?" ಅಂದರು ಸರ್.

"ನೆಟೆ ರೋಗ ಸರ್" ಅಂದೆ. ಕಲಬುರಗಿ ಕಡೆ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ, ಅಲ್ವಾ?

ಸರ್ ಜೇಬಿನಿಂದ ಚಾಕು ತೆಗೆದು ಕೊಟ್ಟರು. "ಹೆಸರು ಆಮೇಲೆ ಹೇಳು. ಮೊದಲು ಸೀಳಿ ನೋಡು."

ಬುಡದಿಂದ ಮೇಲಕ್ಕೆ ಸೀಳಿದೆ. ತೊಗಟೆಯ ಕೆಳಗೆ ಇದ್ದಿಲಿನಲ್ಲಿ ಎಳೆದ ಹಾಗೆ ಒಂದು ಕರಿ ಗೆರೆ ಮೇಲಕ್ಕೆ ಹೋಗಿತ್ತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಏರುವ ನಾಳಗಳನ್ನೇ ಮುಚ್ಚಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತದೆ.

ಆಮೇಲೆ ಸರ್ ಇನ್ನೊಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿನ ಗಿಡವೂ ಹಾಗೇ ಒಣಗಿತ್ತು. ಆದರೆ ಸೀಳಿದರೆ ಗೆರೆ ಇಲ್ಲ. ಕೀಳಹೋದರೆ ಬೇರು ಪಟಕ್ಕನೆ ಮುರಿಯಿತು, ಸಿಪ್ಪೆ ಸುಲಿದು ಕೈಗೆ ಬಂತು. ಅದು ಒಣ ಬೇರು ಕೊಳೆ ರೋಗ. ಅದರ ಶಿಲೀಂಧ್ರವೇ ಬೇರೆ. ಮಳೆ ಕೈಕೊಟ್ಟು ಬಿಸಿಲು ಏರಿದಾಗ ಜಾಸ್ತಿ.

ಊರಲ್ಲಿ ಒಣಗಿದ್ದೆಲ್ಲ ನೆಟೆ. ಆ ಒಂದು ಮಾತನ್ನು ಸೀಳಿ ನೋಡುವ ಕೆಲಸ ನನಗೆ ಬೇಕು ಅನಿಸಿತು. ರಾಯಚೂರಿಗೆ ಎಂ.ಎಸ್ಸಿ.ಗೆ ಹೋದಾಗ ಸಸ್ಯರೋಗಶಾಸ್ತ್ರವನ್ನೇ ಆರಿಸಿಕೊಂಡೆ.

ಅಪ್ಪನಿಗೆ ಸಮಾಧಾನ ಇರಲಿಲ್ಲ. "ಇಷ್ಟು ಓದಿ ಬರೇ ರೋಗ ಹಿಡ್ಕೊಂಡು ಕೂತ್ರ ಹೆಂಗವ್ವಾ?" ಎಮ್ಮೆ ಹಾಲು ಕಡಿಮೆ ಮಾಡಿದರೂ ನನ್ನನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಅನ್ನೋಕೆ ಆಗ ನಾಚಿಕೆ ಆಗುತ್ತಿತ್ತು. ಈಗ ಆಗಲ್ಲ. ಪಶುವೈದ್ಯರ ಹತ್ತಿರ ಹೋಗಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಈ ಧೈರ್ಯ ಬಂದಿದ್ದು ತೊಗರಿಯ ಗೊಡ್ಡು ರೋಗದ ಕತೆ ಓದಿದ ಮೇಲೆ. ಗಿಡ ಹಸಿರಾಗೇ ಇರುತ್ತದೆ, ಹೂವೇ ಬಿಡುವುದಿಲ್ಲ. ಬಿಹಾರದ ಪೂಸಾದಲ್ಲಿ 1931ರಲ್ಲೇ ಇದನ್ನು ಗುರುತಿಸಿದ್ದರು. ಇದಕ್ಕೆ ಕಾರಣವಾದ ವೈರಸ್ ಕೈಗೆ ಸಿಕ್ಕಿದ್ದು 2000ದ ಹೊತ್ತಿಗೆ. ಸುಮಾರು 70 ವರ್ಷ! ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವ ನುಸಿ ಬರಿಗಣ್ಣಿಗೆ ಕಾಣುವುದೇ ಇಲ್ಲ. ನುಸಿ ಬಲ್ಲವರು, ವೈರಸ್ ಬಲ್ಲವರು, ತಳಿ ಬಲ್ಲವರು ಎಲ್ಲರೂ ಬೇಕಾಯಿತು. ತಳಿಯ ಮಾತೂ ಸುಮ್ನೆ ಅಲ್ಲ. ನೆಟೆ ತಡೆಯುವ ಮಾರುತಿ ತಳಿ ಗೊಡ್ಡು ರೋಗಕ್ಕೆ ತುತ್ತಾಗುತ್ತದೆ. ಯಾವ ರೋಗ ಅಂತ ತಿಳಿಯದೆ ಬೀಜ ಹೇಳಿದರೆ ಒಂದು ವರ್ಷದ ದುಡಿಮೆ ಹೋಗುತ್ತದೆ.

ನಾನೇ ಒಮ್ಮೆ ಹಾಗೆ ಮಾಡಿದೆ. ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಹಿರಿಯ ರೈತರ ಹೊಲದ ಬದುವಿನ ಮೇಲೆ ನಿಂತೇ ನೆಟೆ ಅಂದುಬಿಟ್ಟೆ, ತಳಿ ಬದಲಿಸಿ ಅಂತಲೂ ಹೇಳಿದೆ. ಆಮೇಲೆ ಬೇರು ಕಿತ್ತು ನೋಡಿದರೆ ಸಿಪ್ಪೆ ಕೈಗೆ ಬಂತು. ಮರುದಿನ ಆ ಹಿರಿಯರ ಮನೆಗೇ ಹೋಗಿ ತಪ್ಪಾಯಿತು ಅಂದೆ. ಅವರು ಬೈಯಲಿಲ್ಲ, ಚಹಾ ಕೊಟ್ಟರು.

2022ರಲ್ಲಿ ಜಿಲ್ಲೆಯ ತೊಗರಿ ಹೊಲಗಳು ಸಾಲುಸಾಲಾಗಿ ಒಣಗಿದವು. ಫೋನಿಗೆ ದಿನವೂ ಚಿತ್ರಗಳು. ಎಲ್ಲದರ ಕೆಳಗೂ ಒಂದೇ ಸಾಲು: "ಮೇಡಂ, ನೆಟೆ ಬಂದದ, ಏನ್ ಮಾಡ್ಲಿ?"

ನಾನೂ ಎಲ್ಲರಿಗೂ ಒಂದೇ ಉತ್ತರ ಬರೆದೆ. "ಯಜಮಾನ್ರೇ, ಕಾಂಡ ಸೀಳಿ ಒಂದು ಫೋಟೊ ಕಳಿಸ್ರಿ. ಬೇರನ್ನೂ ಕಿತ್ತು ತೋರಿಸ್ರಿ."