ಬಾಲ್ದಿ

ಆದಿತ್ಯವಾರ ನೆನೆ ಹಾಕಿದ ಬಟ್ಟೆ, ಇವತ್ತು ಗುರುವಾರ ಒಗೆದೆ.

ನೊರೆ ಎಲ್ಲ ಇಳಿದು ಬಾಲ್ದಿಯ ನೀರು ಗಂಜಿ ತೆಳಿಯ ಹಾಗೆ ಆಗಿತ್ತು. ವಾಸನೆ ಬೇರೆ. ನಾಲ್ಕು ದಿನ ಬಚ್ಚಲಿಗೆ ಹೋದಾಗೆಲ್ಲ ಅದನ್ನು ದಾಟಿಕೊಂಡೇ ಹೋಗಿದ್ದೇನೆ. ಕಾಣದೆ ಅಲ್ಲ. ಕಾಣುತ್ತಿತ್ತು. ಬಗ್ಗಿ ಅದರ ಹಿಡಿ ಹಿಡಿಯುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ಮಂಗಳೂರಲ್ಲಿ ಸೋಮಾರಿತನಕ್ಕೆ ಉದಾಸೀನ ಅಂತ ಹೇಳುದು. ಎಷ್ಟು ಜನ ಹೇಳಿಲ್ಲ ನನಗೆ, "ಎಂತ ಉದಾಸೀನ ಮಾರಾಯ್ತಿ ನಿಂಗೆ!" ಆದರೆ ಉದಾಸೀನದಲ್ಲಿ ಒಂದು ಸುಖ ಉಂಟು. ಮಳೆಗೆ ಹೊದ್ದು ಮಲಗುವ ಸುಖ. ಇದರಲ್ಲಿ ಅದಿಲ್ಲ. ಮಲಗಿದರೂ ಸುಸ್ತು, ಎದ್ದರೂ ಸುಸ್ತು. ದುಃಖವೂ ಅಲ್ಲ. ಅತ್ತರೆ ಹಗುರ ಆದೀತು, ಅಳುವೇ ಬರುವುದಿಲ್ಲ. ಹುಳಿ-ಖಾರದ ಬಂಗುಡೆ ಮೀನಿನ ಪುಳಿಮುಂಚಿ ಕೂಡ ಬಾಯಿಗೆ ಬರೀ ಬಿಸಿ, ರುಚಿ ಇಲ್ಲ. (ಪುಳಿಮುಂಚಿಗೆ ರುಚಿ ಇಲ್ಲ ಅಂದ್ರೆ ಕಾಯಿಲೆಯೇ ಅಲ್ವಾ.)

ಖಿನ್ನತೆಯ ಮಾತ್ರೆ ಶುರುವಾಗಿ ಮೂರನೇ ವಾರ. ಹಿಡಿಯಲಿಕ್ಕೆ ಕೆಲವು ವಾರ ಬೇಕು ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಬಾಲ್ದಿ ಎತ್ತಿದ್ದು ಮಾತ್ರೆಯಿಂದಲೋ, ವಾಸನೆ ತಡೆಯಲಾಗದೆಯೋ, ಗೊತ್ತಿಲ್ಲ. ಅದಕ್ಕೂ ಮೊದಲು ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ನಂಬರ್ ಯಾರಿಗಾದರೂ ಬೇಕಾದೀತು, ಇರಲಿ.

ಪಕ್ಕದ ಮನೆ ಅಕ್ಕ ಕಿಟಕಿಯಿಂದ ಕೇಳಿದರು, "ಈ ಮಳೆಗೆ ಎಂತಕ್ಕೆ ಒಗೆದದ್ದು, ಒಣಗುದಾ?"

ಒಣಗುದಿಲ್ಲ ಅಕ್ಕ. ಫ್ಯಾನಿನ ಅಡಿಯಲ್ಲಿ ಹಾಕಿದ್ದೇನೆ. ಈಗಲೂ ಟಪ್ ಟಪ್ ನೀರು ಬೀಳ್ತಾ ಉಂಟು.