ಸೋನ್ ಕೇಳುವ ಆಸೆಯಿದ್ದರೆ ಹವಾನಾದಲ್ಲೇ ನಿಲ್ಲಬೇಡಿ

ಸೋನ್ ಅಂದರೆ ಕ್ಯೂಬಾದ ಹಳೇ ಸಂಗೀತ. ಅದನ್ನು ಕೇಳಲು ಹೋದಾಗ ರಾಜಧಾನಿ ಹವಾನಾದ ಹಳೇ ಪೇಟೆಯಲ್ಲಿ ಯಾರಾದರೂ ಹತ್ತಿರ ಬಂದು "ಇವತ್ತು ಸಂಗೀತ ಹಬ್ಬದ ಕೊನೇ ದಿನ, ಬೂಯೆನಾ ವಿಸ್ತಾದವರು ಹಾಡ್ತಿದ್ದಾರೆ, ಬನ್ನಿ" ಅಂದರೆ ನಿಲ್ಲಬೇಡಿ. ನಡೀತಾ ಇರಿ. ಬೂಯೆನಾ ವಿಸ್ತಾ ಅನ್ನೋದು ಹಿರಿಯ ಸೋನ್ ಕಲಾವಿದರ ಹೆಸರಾಂತ ತಂಡ. ಆದರೆ ಅಂಥ ಹಬ್ಬವೇ ಇರುವುದಿಲ್ಲ. ನಮಗೆ ಹೀಗೆ ಹೇಳಿದ್ದು ಅಚ್ಚುಕಟ್ಟಾಗಿ ಬಟ್ಟೆ ಹಾಕಿಕೊಂಡಿದ್ದ ಒಂದು ಜೋಡಿ. ಪಾರ್ಕಿನ ಹತ್ತಿರ ಮಾತಿಗೆ ಎಳೆದರು, ಸಂಗೀತ ಕೇಳೋಕೆ ಬಂದಿದ್ದೀವಿ ಅಂದಕೂಡಲೇ ಒಂದು ಬಾರಿಗೆ ಕರೆದುಕೊಂಡು ಹೋದರು. ಗೋಡೆ ಮೇಲೆ ಆ ತಂಡದ ಗಾಯಕ ಕೊಂಪಾಯ್ ಸೆಗುಂದೊ ಫೋಟೊ. ಸ್ಪೀಕರಿನಲ್ಲಿ ಹಳೇ ರೆಕಾರ್ಡು. ಕೇಳುವ ಮೊದಲೇ ಮೇಜಿಗೆ ನಾಲ್ಕು ಲೋಟ ಮೊಹಿತೊ, ಅಂದರೆ ರಮ್ಮು ನಿಂಬೆ ಪುದೀನದ ಪಾನೀಯ, ಬಂತು. ಬಿಲ್ಲು 40 ಯೂರೊ. ಹಾಡುವವರು ಯಾರೂ ಬರಲಿಲ್ಲ. ಆ ಜೋಡಿ ಲೋಟ ಖಾಲಿ ಮಾಡಿ ಎದ್ದು ಹೋಯಿತು.

ಅದಕ್ಕಿಂತ ಬೇಸರವಾಗಿದ್ದು ಮರುದಿನದ ಊಟದ ಜೊತೆಗಿನ ಶೋ. ಒಬ್ಬೊಬ್ಬರಿಗೂ 50 ಯೂರೊ ತೆಗೆದುಕೊಂಡರು. ನೂರಾರು ಕುರ್ಚಿ, ಬಸ್ಸಿನಲ್ಲಿ ಬಂದಿಳಿದ ಪ್ರವಾಸಿಗರು, ಕಿವಿ ಗುಂಯ್ ಅನ್ನುವ ಸ್ಪೀಕರು. ವೇದಿಕೆಯಲ್ಲಿದ್ದವರು ಒಳ್ಳೇ ಕಲಾವಿದರೇ. ಆದರೆ ಅವರಿಂದ ಎಲ್ಲರಿಗೂ ಗೊತ್ತಿರುವ ಹತ್ತು ಹಾಡುಗಳನ್ನಷ್ಟೇ ಹಾಡಿಸುತ್ತಾರೆ. ಕುಣಿಯೋಕೆ ಜಾಗವೇ ಇಲ್ಲ. ಸೋನ್ ಅನ್ನೋದು ಕುಣಿಯುವ ಸಂಗೀತ. ಕುಣಿಯುವವರಿಲ್ಲದ ಕಡೆ ಅದು ಅರ್ಧಕ್ಕೇ ನಿಂತಂತೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. 1996ರ ಮಾರ್ಚ್‌ನಲ್ಲಿ ಹವಾನಾದ ಎಗ್ರೆಮ್ ಸ್ಟುಡಿಯೊದಲ್ಲಿ ಬೂಯೆನಾ ವಿಸ್ತಾ ಸೋಷಿಯಲ್ ಕ್ಲಬ್ ಅನ್ನುವ ಪ್ರಸಿದ್ಧ ರೆಕಾರ್ಡಿಂಗ್ ಆಯಿತಲ್ಲ, ಅದರಲ್ಲಿ ಹಾಡಿ ನುಡಿಸಿದ ಹಿರಿಯರಲ್ಲಿ ಹೆಚ್ಚಿನವರು ಈಗ ಇಲ್ಲ. ಕೊಂಪಾಯ್ ಸೆಗುಂದೊ, ಪಿಯಾನೊದ ರುಬೆನ್ ಗೊನ್ಸಾಲೆಸ್ ಇಬ್ಬರೂ 2003ರಲ್ಲಿ ಹೋದರು. ಗಾಯಕ ಇಬ್ರಾಹಿಂ ಫೆರೆರ್ 2005ರಲ್ಲಿ. ಆ ಹೆಸರಿಟ್ಟುಕೊಂಡು ಟಿಕೆಟ್ ಮಾರುವವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅಸಲಿಗೆ ಆ ಸ್ಟುಡಿಯೊಗೆ ಮಾಲಿ ದೇಶದ ಕಲಾವಿದರು ಬರಬೇಕಿತ್ತು. ಅವರು ಬರಲಾಗಲಿಲ್ಲ. ಆಗ ಹವಾನಾದ ಸಂಗೀತಗಾರ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಊರಿನ ಹಳಬರನ್ನು ಹುಡುಕಿ ಕರೆತಂದರು. ಫೆರೆರ್ ಆ ಕಾಲಕ್ಕೆ ಹಾಡುವುದನ್ನು ಬಿಟ್ಟು ಶೂ ಪಾಲಿಶ್ ಮಾಡಿ ದಿನ ಕಳೆಯುತ್ತಿದ್ದರು. ಎಂಥ ಗಂಟಲು ಸುಮ್ನೆ ಕೂತಿತ್ತು ನೋಡಿ.

ಕೊಂಪಾಯ್ ಹುಟ್ಟಿದ್ದು ಸಿಬೊನೆಯಲ್ಲಿ, ಫೆರೆರ್ ಹುಟ್ಟಿದ್ದು ಸಾನ್ ಲೂಯಿಸ್‌ನಲ್ಲಿ. ಎರಡೂ ಕ್ಯೂಬಾದ ಪೂರ್ವಕ್ಕಿರುವ ಸಾಂತಿಯಾಗೊ ನಗರದ ಸುತ್ತಮುತ್ತಲಿನ ಊರು. ಸೋನ್ ಕೂಡ ಆ ಪೂರ್ವದ ಬೆಟ್ಟಗುಡ್ಡದ್ದೇ. ಸ್ಪೇನ್‌ನಿಂದ ಬಂದ ಗಿಟಾರು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ತಾಳ, ಎರಡೂ ಅಲ್ಲಿ ಸೇರಿದವು. ಹವಾನಾಕ್ಕೆ ಅದು ತಲುಪಿದ್ದು 1910ರ ಸುಮಾರಿಗೆ. ಹಾಗಾಗಿ ನಾವು ಹವಾನಾ ಸಾಕು ಮಾಡಿ ಪೂರ್ವಕ್ಕೆ ಹೊರಟೆವು.

ಸಾಂತಿಯಾಗೊಗೆ ಹೊರಟಿದ್ದು ರಾತ್ರಿ ಬಸ್ಸಿನಲ್ಲಿ. ಸುಮಾರು 870 ಕಿಲೋಮೀಟರು. 15 ಗಂಟೆ ಅಂದಿದ್ದರು, 19 ಗಂಟೆ ಹಿಡಿಯಿತು. ಟಿಕೆಟ್ 50 ಡಾಲರ್ ಹತ್ತಿರ. ಎಸಿಯನ್ನು ಎಷ್ಟು ಜೋರಾಗಿ ಇಟ್ಟಿದ್ದರೆಂದರೆ ನಮ್ಮ ಯಜಮಾನರು ಟವೆಲ್ಲು, ಲುಂಗಿ ಎರಡನ್ನೂ ಸುತ್ತಿಕೊಂಡು ಕೂತಿದ್ದರು. ನಾವು ಇರೋದು ಕೆನಡಾದ ಮಿಸ್ಸಿಸಾಗಾದಲ್ಲಿ, ಚಳಿ ಹೊಸದಲ್ಲ. ಆದರೆ ಹೊರಗೆ ಸೆಕೆ, ಒಳಗೆ ನಡುಕ ಅನ್ನುವ ಸ್ಥಿತಿ ಬೇರೆಯೇ. ಕಡಿಮೆ ಮಾಡಿ ಅಂತ ಕೇಳಿದರೆ ಡ್ರೈವರ್ ಭುಜ ಕುಣಿಸಿದ. ಕಾಮಗ್ವೇ ಊರು ದಾಟಿದ ಮೇಲೆ ಟಯರ್ ಹೋಯಿತು. ಕತ್ತಲಲ್ಲಿ ರಸ್ತೆ ಬದಿ ಎರಡು ಗಂಟೆ ನಿಂತೆವು. ಬಸ್ಸಿನೊಳಗಿನ ಶೌಚಾಲಯಕ್ಕೆ ಬೀಗ. ನಿಲ್ಲಿಸಿದ ಕಡೆ ತಿನ್ನಲು ಸಿಕ್ಕಿದ್ದು ಹಂದಿ ಮಾಂಸದ ಬ್ರೆಡ್ಡು ಮಾತ್ರ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಕಟ್ಟಿಕೊಂಡೇ ಹತ್ತಿ. ಸ್ವೆಟರ್, ಕಾಲುಚೀಲ ಕೈಚೀಲದಲ್ಲೇ ಇರಲಿ. ದೊಡ್ಡ ಲಗೇಜನ್ನು ಕೆಳಗೆ ಹಾಕಿಬಿಡುತ್ತಾರೆ, ಆಮೇಲೆ ತೆಗೆಯಲು ಬಿಡುವುದಿಲ್ಲ. ಸೊಂಟ ನೋವಿನವರು, ಚಿಕ್ಕ ಮಕ್ಕಳಿರುವವರು ಈ ದಾರಿಯನ್ನು ಎರಡು ದಿನಕ್ಕೆ ಒಡೆದು ಹೋಗುವುದು ವಾಸಿ.

ಇಷ್ಟು ಕಷ್ಟಪಟ್ಟಿದ್ದು ಸಾಂತಿಯಾಗೊದ ಒಂದು ಮಧ್ಯಾಹ್ನದಲ್ಲೇ ಸಾರ್ಥಕವಾಯಿತು.

ಎರೇದಿಯಾ ಬೀದಿಯಲ್ಲಿ ಕಾಸಾ ದೆ ಲಾ ತ್ರೋವಾ ಇದೆ. 1968ರಿಂದ ನಡೆಯುತ್ತಿರುವ ಸಂಗೀತದ ಮನೆ. ರಾತ್ರಿ ಮಹಡಿ ಮೇಲಿನ ಕಾರ್ಯಕ್ರಮಕ್ಕೆ ಪ್ರವಾಸಿಗರು ಜಾಸ್ತಿ. ನೀವು ಹಗಲು ಹೋಗಿ. ಹಗಲು ಕೆಳಗಿನ ಚಿಕ್ಕ ಕೋಣೆಯಲ್ಲಿ ನುಡಿಸುತ್ತಾರೆ. ಟಿಕೆಟ್ ಒಂದು ಕಾಫಿ ದುಡ್ಡಿನಷ್ಟು. ಗೋಡೆ ತುಂಬ ಹಳೇ ಗಾಯಕರ ಚಿತ್ರಗಳು. ಕಿಟಕಿ ತೆರೆದೇ ಇರುತ್ತದೆ, ಬೀದಿಯವರು ಸರಳು ಹಿಡಿದುಕೊಂಡು ಹೊರಗಿನಿಂದಲೇ ಕೇಳುತ್ತಾರೆ. ಸಮಯ ಬದಲಾಗುತ್ತಿರುತ್ತದೆ, ಉಳಿದುಕೊಂಡ ಮನೆಯವರನ್ನು ಬೆಳಿಗ್ಗೆಯೇ ಕೇಳಿಕೊಳ್ಳಿ.

ಕುಳಿತರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಕೈಗಳನ್ನು ನೋಡಿ. ಕ್ಲಾವೆ ಅಂದರೆ ಎರಡು ಗಟ್ಟಿ ಮರದ ಕೋಲು, ಅಷ್ಟೇ. ಒಂದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಅಂಗೈಯನ್ನು ಗುಳಿ ಮಾಡಿ ಬೆರಳುಗಳ ಮೇಲೆ ಸುಮ್ಮನೆ ಮಲಗಿಸುತ್ತಾರೆ. ಇನ್ನೊಂದರಿಂದ ಬಡಿದಾಗ ಆ ಗುಳಿಯೇ ಸದ್ದನ್ನು ದೊಡ್ಡದು ಮಾಡುತ್ತದೆ. ಒಟ್ಟು ಐದು ಏಟು. ಮೊದಲು ಮೂರು, ಆಮೇಲೆ ಎರಡು. ಹಾಡು ಮುಗಿಯುವವರೆಗೂ ಅದೇ. ಗಾಯಕ, ತ್ರೆಸ್, ಬೊಂಗೊ ಅನ್ನುವ ಜೋಡಿ ಡೋಲು, ಎಲ್ಲರೂ ಆ ಐದು ಏಟಿಗೆ ಬದ್ಧರು. ತ್ರೆಸ್ ಅನ್ನೋದು ಚಿಕ್ಕ ಗಿಟಾರು, ಎರಡೆರಡು ತಂತಿಯ ಮೂರು ಜೋಡಿ ಇರುತ್ತದೆ. ತಗ್ಗು ದನಿಯ ತಂತಿವಾದ್ಯ ಬೇಸ್ ಮಾತ್ರ ಮೊದಲ ಏಟಿಗೆ ಕಾಯುವುದೇ ಇಲ್ಲ, ಅದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ. ನಮ್ಮ ಕಾಲು ತಡವರಿಸುವುದು ಅಲ್ಲೇ. ಅರ್ಧ ಗಂಟೆ ಬೇಸ್ ಒಂದನ್ನೇ ಕೇಳಿ, ಕಾಲು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ.

ಹಾಡಿನ ಮೊದಲ ಭಾಗ ನಿಧಾನವಾಗಿ ಕಥೆ ಹೇಳುತ್ತದೆ. ಆಮೇಲೆ ಮೊಂತೂನೊ ಶುರು. ಅದು ನಮ್ಮ ಭಜನೆಯ ಥರವೇ, ಒಬ್ಬರು ಹೊಸದಾಗಿ ಒಂದು ಸಾಲು ಕಟ್ಟಿ ಹಾಡಿದರೆ ಉಳಿದವರು ಅದೇ ಪಲ್ಲವಿಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಆ ಹೊತ್ತಿಗೆ ಬೊಂಗೊದವನು ಬೊಂಗೊ ಬಿಟ್ಟು ಕೈಗಂಟೆ ಎತ್ತಿಕೊಳ್ಳುತ್ತಾನೆ. ಅದೇ ಸೂಚನೆ. ಗೋಡೆಗೆ ಒರಗಿದ್ದವರೆಲ್ಲ ಎದ್ದರು. ಎಪ್ಪತ್ತು ದಾಟಿದ ಒಬ್ಬರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಬಣ್ಣದ ಬೂಟು, ತಮ್ಮ ವಯಸ್ಸಿನವರೇ ಒಬ್ಬ ಹೆಂಗಸಿನ ಕೈ ಹಿಡಿದು ಕುಣಿದರು. ಮೇಲಿನ ಮೈ ಅಲುಗಲೇ ಇಲ್ಲ. ಸೊಂಟದ ಕೆಳಗೆ ಮಾತ್ರ ಎಲ್ಲಾ. ಏಟು ಬಿದ್ದ ಕೂಡಲೇ ಹೆಜ್ಜೆ ಇಡಲ್ಲ, ಒಂದು ಕ್ಷಣ ತಡೆದು ಇಡುತ್ತಾರೆ. ಟೊರಾಂಟೊದ ಸಾಲ್ಸಾ ಕ್ಲಾಸಿನಲ್ಲಿ ಈ ತಡೆಯುವುದನ್ನು ಯಾರೂ ಕಲಿಸುವುದಿಲ್ಲ. ಅಲ್ಲಿ ಬರೀ ತಿರುಗಿಸುವುದು.

ನಡುವೆ ಕರೆಂಟ್ ಹೋಯಿತು. 2024ರ ಫೆಬ್ರವರಿ ಅದು, ಪೂರ್ವದ ಕಡೆ ದಿನಾ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಫ್ಯಾನ್ ನಿಂತಿತು, ಮೈಕ್ ಸತ್ತಿತು. ಹಾಡು ನಿಲ್ಲಲಿಲ್ಲ. ಗಾಯಕ ಎರಡು ಹೆಜ್ಜೆ ಮುಂದೆ ಬಂದ, ನಿಂತು ನುಡಿಸುವ ದೊಡ್ಡ ಬೇಸ್‌ನವನು ತಂತಿಯನ್ನು ಇನ್ನಷ್ಟು ಜೋರಾಗಿ ಎಳೆದ. ಕುಣಿಯುತ್ತಿದ್ದವರು ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಮೈಕ್ ಇಲ್ಲದೆ ಕೇಳಿದ ಆ ಹಾಡುಗಳೇ ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದದ್ದು. ಈ ಸಂಗೀತ ಹುಟ್ಟಿದ್ದೇ ಕರೆಂಟ್ ಇಲ್ಲದ ಊರುಗಳಲ್ಲಿ ಅಲ್ವಾ?

ಊಟದ ವಿಷಯ ಹೇಳಲೇಬೇಕು. ತಿವೊಲಿ ಗುಡ್ಡಕ್ಕೆ ಹತ್ತುವ ಪಾದ್ರೆ ಪೀಕೊ ಮೆಟ್ಟಿಲ ಆಸುಪಾಸಿನಲ್ಲಿ ಒಂದು ಮನೆ ಇದೆ. ಬೋರ್ಡಿಲ್ಲ. ಬೀದಿಗೆ ತೆರೆದ ಕಿಟಕಿ, ಒಳಗೆ ಮೂರು ಮೇಜು. ಬಾಗಿಲ ಮೇಲೆ ಆವತ್ತಿನ ಅಡುಗೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಯಜಮಾನಿ ನನ್ನನ್ನು ಮೊದಲ ದಿನವೇ "ಮಿ ಅಮೋರ್" ಅಂದರೆ ನನ್ನ ಚಿನ್ನ ಅಂತ ಕರೆದರು, ನಾನು ಅವರನ್ನು ಗೌರವದಿಂದ ಸೆನ್ಯೋರಾ ಅಂತಿದ್ದೆ. ಮಾಂಸ ತಿನ್ನಲ್ಲ ಅಂದಾಗ ಪಾಪ, ಮುಖ ಚಿಕ್ಕದು ಮಾಡಿಕೊಂಡರು. ಮರುದಿನ ನಮಗಾಗಿಯೇ ಬೇರೆ ಪಾತ್ರೆಯಲ್ಲಿ ಕೊಂಗ್ರಿ ಮಾಡಿಟ್ಟಿದ್ದರು. ಅಕ್ಕಿ, ರಾಜ್ಮಾದಂಥ ಕೆಂಪು ಕಾಳು ಒಟ್ಟಿಗೆ ಬೇಯಿಸಿದ ಅಡುಗೆ ಅದು. ಬೆಳ್ಳುಳ್ಳಿ, ಜೀರಿಗೆ ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ಬೇಯಿಸಿದ ಮರಗೆಣಸು, ಮೇಲೆ ಬೆಳ್ಳುಳ್ಳಿ ಮತ್ತು ಹುಳಿ ಕಿತ್ತಳೆ ರಸ ಹಾಕಿ ಕಾಯಿಸಿದ ಎಣ್ಣೆ. ಬಾಳೆಕಾಯಿಯನ್ನು ಒಮ್ಮೆ ಕರಿದು, ಅಂಗೈಯಿಂದ ಚಪ್ಪಟೆ ಮಾಡಿ, ಇನ್ನೊಮ್ಮೆ ಕರಿದು ಉಪ್ಪು ಉದುರಿಸುತ್ತಾರೆ. ಬಾಯಲ್ಲಿ ಗರಿಗರಿ. ಕೊನೆಗೆ ಸೀಬೆಹಣ್ಣಿನ ಹಲ್ವದಂಥ ತುಂಡು, ಅದರ ಮೇಲೆ ಚೀಸ್. ಇಬ್ಬರ ಊಟಕ್ಕೆ ಆದದ್ದು ಹವಾನಾದ ಆ ಬಾರಿನ ಅರ್ಧ ಲೋಟದ ದುಡ್ಡು. ಖಾರ ಇರುವುದಿಲ್ಲ, ಉಪ್ಪಿನಕಾಯಿ ಒಯ್ಯಿರಿ. ನಾವು ಒಯ್ದಿದ್ದ ಮಾವಿನ ಮಿಡಿ ಸೆನ್ಯೋರಾಗೆ ಕೊಟ್ಟೆವು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದರು. ಸಸ್ಯಾಹಾರಿಗಳು ಕೊಂಗ್ರಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಬೇಕು. ಹಾಕುವುದೇ ಜಾಸ್ತಿ. "ಸಿನ್ ಮಾಂತೇಕಾ" (ಕೊಬ್ಬು ಬೇಡ) ಅಂದರೆ ಅರ್ಥವಾಗುತ್ತದೆ.

ಸಾಂತಾ ಇಫಿಖೇನಿಯಾ ಸ್ಮಶಾನಕ್ಕೆ ಎಲ್ಲರೂ ಸ್ವಾತಂತ್ರ್ಯ ಹೋರಾಟಗಾರ ಹೋಸೆ ಮಾರ್ತಿ, ಫಿಡೆಲ್ ಕ್ಯಾಸ್ಟ್ರೊ ಸಮಾಧಿ ನೋಡಲು ಹೋಗುತ್ತಾರೆ. ಕೊಂಪಾಯ್ ಸೆಗುಂದೊ ಸಮಾಧಿಯೂ ಅಲ್ಲೇ ಇದೆ. ಬಿಸಿಲೇರುವ ಮುಂಚೆ ಹೋಗಿ.

ನನಗೆ ಜನಜಂಗುಳಿ ಆಗಿಬರುವುದಿಲ್ಲ. ಹಾಗಾಗಿ ಹವಾನಾದ ಕಾಯೆಹೋನ್ ದೆ ಆಮೆಲ್ ಓಣಿಯಲ್ಲಿ ಭಾನುವಾರ ನಡೆಯುವ ರುಂಬಾ, ಅಂದರೆ ಡೋಲಿಗೆ ಹಾಡಿ ಕುಣಿಯುವುದು, ನನಗೆ ಹಿಡಿಸಲಿಲ್ಲ. ಡೋಲು ನುಡಿಸುವವರ ಮೇಲೆ ತಪ್ಪಿಲ್ಲ. ಮುಂದೆ ಫೋನುಗಳ ಗೋಡೆ, ಹಿಂದಿನಿಂದ ತಳ್ಳಾಟ. ಸಂತೆಯಲ್ಲಿ ನುಗ್ಗಿ ಅಭ್ಯಾಸವಿದ್ದವರಿಗೆ ಸರಿಹೋಗಬಹುದು. ರುಂಬಾ ಮೇಲೆ ಪ್ರೀತಿ ಇದ್ದರೆ ಹವಾನಾದಿಂದ 100 ಕಿಲೋಮೀಟರು ದೂರದ ಮತಾನ್ಸಾಸ್‌ಗೆ ಹೋಗಿ. 1952ರಲ್ಲಿ ಶುರುವಾದ ಮುನ್ಯೇಕೀತೋಸ್ ಅನ್ನುವ ರುಂಬಾ ತಂಡದ ಊರು ಅದು. ದಾನ್ಸೋನ್ ಅನ್ನುವ ಜೋಡಿ ಕುಣಿತದ ಸಂಗೀತ ಜನರಿಗೆ ಮೊದಲು ಕೇಳಿಸಿದ್ದೂ ಅಲ್ಲೇ. ಮಿಗೆಲ್ ಫಾಯಿಲ್ದೆ 1879ರ ಜನವರಿ 1ರಂದು ನುಡಿಸಿದರು. ದಾನ್ಸೋನ್ ಕುಣಿತದ ಚೆಂದ ಏನೆಂದರೆ ಪ್ರತಿ ಬಾರಿ ಮೊದಲ ರಾಗ ಮರಳಿದಾಗ ಜೋಡಿಗಳು ಕುಣಿಯುವುದನ್ನು ನಿಲ್ಲಿಸುತ್ತವೆ. ಹೆಂಗಸರು ಬೀಸಣಿಗೆ ಬಿಚ್ಚುತ್ತಾರೆ, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ, ಸರಿಯಾದ ಏಟಿಗೆ ಮತ್ತೆ ಶುರು ಮಾಡುತ್ತಾರೆ. ಅಷ್ಟು ಹೊತ್ತು ಮಾತಾಡಿದರೂ ಒಬ್ಬರೂ ತಪ್ಪುವುದಿಲ್ಲ. ಇದೇ ದಾನ್ಸೋನ್‌ನ ಕೊನೆಯ ಭಾಗವನ್ನು ಒರೆಸ್ತೆಸ್ ಲೋಪೆಸ್, ಅವರ ತಮ್ಮ ಕಚಾವೊ 1930ರ ದಶಕದ ಕೊನೆಗೆ ಚುರುಕು ಮಾಡಿದರು, ಅದರಿಂದ ಮಾಂಬೊ ಕುಣಿತ ಬಂತು. ಆಮೇಲೆ ಪಿಟೀಲಿನ ಎನ್ರಿಕೆ ಹೊರಿನ್ ಅದನ್ನು ಸರಳ ಮಾಡಿ ಚಾ-ಚಾ-ಚಾ ಕೊಟ್ಟರು.

ಹೊರಡುವ ಮುಂಚೆ ಸ್ವಲ್ಪ ಕೇಳಿಕೊಂಡು ಹೋಗಿ, ಅಲ್ಲಿ ಸಿಗುವ ಖುಷಿ ದುಪ್ಪಟ್ಟಾಗುತ್ತದೆ. ಮೊದಲು ತ್ರಿಯೊ ಮಾತಾಮೊರೋಸ್. 1925ರಲ್ಲಿ ಸಾಂತಿಯಾಗೊದಲ್ಲೇ ಕಟ್ಟಿದ ತಂಡ, ಮೂರೇ ಜನ. ಆಮೇಲೆ ಇಗ್ನಾಸಿಯೊ ಪಿನ್ಯೇರೊ ಅವರ ಸೆಪ್ತೇತೊ ನಾಸಿಯೊನಾಲ್, ಅದರಲ್ಲಿ ಟ್ರಂಪೆಟ್ ಹೇಗೆ ಗಾಯಕನ ಜೊತೆ ಮಾತಾಡುತ್ತದೆ ಗಮನಿಸಿ. ಆರ್ಸೆನಿಯೊ ರೊದ್ರಿಗೆಸ್ ಅವರನ್ನು ಬಿಡಬೇಡಿ. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು, ತ್ರೆಸ್‌ನ ಮಹಾ ಕಲಾವಿದ. ಪಿಯಾನೊ, ಕೋಂಗಾ ಡೋಲು, ಇನ್ನಷ್ಟು ಟ್ರಂಪೆಟ್ ಸೇರಿಸಿ ಸೋನ್‌ಗೆ ದೊಡ್ಡ ಮೈಕಟ್ಟು ಕೊಟ್ಟರು. ಇವತ್ತಿನ ಸಾಲ್ಸಾ ನಿಂತಿರುವುದು ಅದರ ಮೇಲೆ. ಬಾರ್ಬರೀತೊ ದಿಯೆಸ್ ನಿಂತ ಕಡೆಯಿಂದ ಅಲುಗದೆ ಹಾಡುತ್ತಿದ್ದರು, ಕುಣಿಯುವ ಕೆಲಸ ನಮಗೆ ಬಿಟ್ಟು. ಗಾಯಕ ಬೆನ್ನಿ ಮೊರೆ ಸಂಗೀತ ಬರೆಯಲು ಓದಲು ಕಲಿತವರಲ್ಲ. ಆದರೂ ದೊಡ್ಡ ಬ್ಯಾಂಡನ್ನು ಕೈಸನ್ನೆಯಲ್ಲೇ ನಡೆಸಿದರು, 1963ರಲ್ಲಿ 43ನೇ ವಯಸ್ಸಿಗೇ ತೀರಿಕೊಂಡರು. ನನ್ನನ್ನು ಕೇಳಿದರೆ ಅವರ ಧ್ವನಿಗೆ ಸಾಟಿಯಿಲ್ಲ.

ದುಡ್ಡಿನ ಬಗ್ಗೆ ಎರಡು ಮಾತು. 5, 10 ಯೂರೊ ನೋಟುಗಳನ್ನು ಒಯ್ಯಿರಿ, ನಾಣ್ಯ ಬೇಡ, ಯಾರೂ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಬ್ಯಾಂಕಿನ ಕಾರ್ಡ್ ನಡೆಯುವುದಿಲ್ಲ. ಬೀದಿಯಲ್ಲಿ ಬದಲಾಯಿಸಿಕೊಡ್ತೀನಿ ಅನ್ನುವವರಿಂದ ದೂರ ಇರಿ. ಹೋಟೆಲಿಗಿಂತ ನೀಲಿ ಗುರುತು ಹಾಕಿರುವ ಮನೆಗಳಲ್ಲಿ ಉಳಿದುಕೊಳ್ಳಿ, ಯಾವತ್ತು ಎಲ್ಲಿ ಹಾಡು ಅಂತ ಹೇಳುವವರು ಅವರೇ. ಟಾರ್ಚು, ಪವರ್ ಬ್ಯಾಂಕು, ಜ್ವರ ಹೊಟ್ಟೆನೋವಿನ ಮಾತ್ರೆ ಮನೆಯಿಂದಲೇ ಒಯ್ಯಬೇಕು.

ಇನ್ನೊಂದು, ಗಿಟಾರ್ ತಂತಿ. ಅಲ್ಲಿ ತಂತಿ ಸಿಗುವುದೇ ಕಷ್ಟ. ನಮ್ಮ ತ್ರೆಸ್‌ನವನು ತುಂಡಾದ ತಂತಿಗೆ ಗಂಟು ಹಾಕಿಕೊಂಡು ನುಡಿಸುತ್ತಿದ್ದ. ಹಾಡು ಮುಗಿದ ಮೇಲೆ ತಟ್ಟೆ ಬಂದಾಗ ನೋಟು ಹಾಕಿ, ಜೊತೆಗೆ ಸ್ಟೀಲ್ ತಂತಿಯ ಒಂದೆರಡು ಸೆಟ್ ನುಡಿಸುವವರ ಕೈಗೇ ಕೊಡಿ. ನೈಲಾನ್ ತಂತಿ ತ್ರೆಸ್‌ಗೆ ಆಗುವುದಿಲ್ಲ.