ಬಡಿಯೋಕೆ ಒಬ್ಬಳು ಬೇಕಿತ್ತು

ರೊಟ್ಟಿ ದಪ್ಪ ಆಗ್ತಿವೆ ಅಂತ ಖಾನಾವಳಿಯವರು ಫೋನ್ ಮಾಡಿದ್ದು 2020ರ ಜನವರಿಯಲ್ಲಿ. ಸಂಕ್ರಾಂತಿಗೆ ಇನ್ನೂ ನಾಲ್ಕೈದು ದಿನ ಇತ್ತು. ನಾನು ಎಲ್ಲ ತಪ್ಪನ್ನೂ ಹಿಟ್ಟಿನ ಮೇಲೆ ಹಾಕಿದೆ. ಈ ಸಲದ ಜೋಳಕ್ಕೆ ಜಿಗಿ ಇಲ್ಲರೀ, ನಾಳೆಯಿಂದ ಬೇರೆ ಚೀಲ ತೆಗೀತೀವಿ ಅಂದೆ. ಮತ್ತೇನು ಹೇಳೋದು? ಟಿವಿಯಲ್ಲಿ ಅಗ್ನಿಸಾಕ್ಷಿ ಧಾರಾವಾಹಿ ಮುಗಿದು ಒಂದು ವಾರ ಆಯ್ತು, ಅದಕ್ಕೇ ರೊಟ್ಟಿ ದಪ್ಪ ಆಗ್ತಿವೆ ಅಂತ ಹೇಳೋಕೆ ಆಗುತ್ತಾ?

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಅತ್ತೆ ಬಹಳ ವರ್ಷದಿಂದ ರೊಟ್ಟಿ ಮಾಡಿ ಕೊಡುತ್ತಾರೆ. ಬೆಳಿಗ್ಗೆ ಬಿಸಿ ರೊಟ್ಟಿ, ಸಂಜೆ ಕಡಕ್ ರೊಟ್ಟಿ. ಸಂಜೆ ಓಣಿಯ ಇಬ್ಬರು ಮತ್ತು ಗಿರಣಿ ಚಾಳದಿಂದ ಒಬ್ಬ ಅಕ್ಕ ಬರುತ್ತಾರೆ. ನಾನು ಎಣಿಸೋದು, ಕಟ್ಟೋದು, ಲೆಕ್ಕ ಬರೆಯೋದು. ನಾನು ಬಡಿದರೆ ಅಂಚು ಒಡೆಯುತ್ತದೆ, ಆರ್ಡರ್‌ಗೆ ಹೋಗಲ್ಲ, ಮನೆಯವರೇ ತಿನ್ನಬೇಕು. ಟಿವಿ ಇರೋದು ಹಿಟ್ಟಿನ ಡಬ್ಬಿಗಳ ಮೇಲಿನ ಹಲಗೆಯಲ್ಲಿ. ರಿಮೋಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇವೆ, ಆದರೂ ಗುಂಡಿಗಳ ಸಂದಿಯಲ್ಲಿ ಹಿಟ್ಟು ಕೂತು ಎರಡು ಯಾವುದು ಐದು ಯಾವುದು ಗೊತ್ತಾಗಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ, ನಾವು ಚಾನೆಲ್ ಬದಲಿಸಿದರೆ ತಾನೇ.

ಆ ಧಾರಾವಾಹಿ ಶುರುವಾಗಿದ್ದು 2013ರ ಡಿಸೆಂಬರ್‌ನಲ್ಲಿ. ಆಗ ಅದು ಈಟಿವಿ ಕನ್ನಡ. 2015ರಲ್ಲಿ ಚಾನೆಲ್ಲಿನ ಹೆಸರೇ ಕಲರ್ಸ್ ಕನ್ನಡ ಅಂತ ಬದಲಾಯಿತು, ಧಾರಾವಾಹಿ ಮಾತ್ರ ಹಾಗೇ ನಡೆಯಿತು, 1,500 ಕಂತು ದಾಟಿತು. ಅದು ಶುರುವಾದಾಗ ನಾನು ಸೊಸೆಯಾಗಿ ಬಂದು ಏಳೆಂಟು ತಿಂಗಳು ಆಗಿರಬೇಕು. ಅತ್ತೆಗೂ ನನಗೂ ಮಾತು ಅಷ್ಟಕ್ಕಷ್ಟೇ. ಉಪ್ಪು ಎಲ್ಲಿದೆ, ಹಾಲು ಬಂತಾ, ಇಷ್ಟೇ. ನಾವಿಬ್ಬರೂ ಮೊದಲ ಸಲ ಒಂದೇ ದನಿಯಲ್ಲಿ ಮಾತಾಡಿದ್ದು ಚಂದ್ರಿಕಾಗೆ ಬಯ್ಯುವಾಗ.

ನೋಡಿದವರಿಗೆ ಚಂದ್ರಿಕಾ ಯಾರು ಅಂತ ಹೇಳಬೇಕಿಲ್ಲ. ನೋಡದವರಿಗೆ ಇಷ್ಟು ಸಾಕು: ಒಳ್ಳೆ ಸೊಸೆ ಸನ್ನಿಧಿ ಇರೋ ಮನೆಯೊಳಗೇ ಕೂತು ಆಕೆಗೆ ಕೇಡು ಬಗೆಯುವವಳು. ಆಕೆ ಪರದೆ ಮೇಲೆ ಬಂದು ಕಣ್ಣು ಚಿಕ್ಕದು ಮಾಡಿದಳು ಅಂದರೆ ನಮ್ಮಲ್ಲಿ ನಾಲ್ಕೂ ಜನರ ಕೈ ಜೋರಾಗುತ್ತಿತ್ತು. "ಅಕಿ ಬಾಯಾಗ ಮಣ್ಣ ಬೀಳ್ಲಿ" ಅಂತ ಗಿರಣಿ ಚಾಳದ ಅಕ್ಕ, ಹಿಟ್ಟಿನ ಮೇಲೆ ಪಟಪಟ ಅಂತ ಏಟು. ನಮ್ಮ ಕಡೆ ರೊಟ್ಟಿ ಬಡಿಯೋದು ಅಂತಲೇ ಅನ್ನೋದು, ಲಟ್ಟಿಸೋದು ಅಲ್ಲ. ಆ ಹೊತ್ತಿನ ರೊಟ್ಟಿ ಹಾಳೆಯಂಗೆ ತೆಳ್ಳಗೆ, ಹಂಚಿಗೆ ಹಾಕಿ ನೀರರಿವೆ ಸವರಿದರೆ ಹಪ್ಪಳ. ಸನ್ನಿಧಿ ಅಳುವಾಗ ಕೈ ನಿಧಾನ, ರೊಟ್ಟಿ ದಪ್ಪ. ಬುಟ್ಟಿ ನೋಡಿಯೇ ಅವತ್ತಿನ ಕಥೆ ಹೇಳಬಹುದಿತ್ತು. (ಅಂದಹಾಗೆ, ಆ ಶ್ರೀಮಂತರ ಮನೆಯಲ್ಲಿ ಒಂದು ದಿನವೂ ಯಾರೂ ಜೋಳದ ರೊಟ್ಟಿ ತಿಂದಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಈ ಸಿಟ್ಟು ಅತ್ತೆಗೆ ಇವತ್ತಿಗೂ ಇದೆ.)

ನನಗೆ ನೇರ ಹೇಳೋಕಾಗದ್ದನ್ನ ಅತ್ತೆ ಟಿವಿಗೆ ಹೇಳುತ್ತಿದ್ದರು. "ಸೊಸಿ ಅಂದ್ರ ಸನ್ನಿಧಿ ಹಂಗ ಇರಬೇಕು ನೋಡ." ನಾನು ರೊಟ್ಟಿ ಎಣಿಸುತ್ತಾ, "ಹೌದ್ರಿ ಅತ್ತಿ, ಗಂಡನೂ ಸಿದ್ಧಾರ್ಥ್ ಹಂಗ ಇರಬೇಕಲ್ರಿ" ಅಂತಿದ್ದೆ. ಉಳಿದವರು ನಗುತ್ತಿದ್ದರು, ಜಗಳ ಅಲ್ಲಿಗೇ ಮುಗಿಯುತ್ತಿತ್ತು. 2019ರಲ್ಲಿ ಚಾನೆಲ್ ಆರಿಸಿಕೊಳ್ಳೋ ಹೊಸ ನಿಯಮ ಬಂತಲ್ಲ, ತಿಂಗಳಿಗೆ ಮೂಲ ಶುಲ್ಕ 130 ರೂಪಾಯಿ, ಮೇಲೆ ಜಿಎಸ್‌ಟಿ, ಅದರ ಮೇಲೆ ಒಂದೊಂದು ಪೇ ಚಾನೆಲ್ಲಿಗೆ ಬೇರೆ ದುಡ್ಡು. ಆಗ ಅತ್ತೆ ನಮ್ಮ ಯಜಮಾನರ ಕ್ರಿಕೆಟ್ ಚಾನೆಲ್ ತೆಗೆಸಿ ಇದನ್ನು ಉಳಿಸಿಕೊಂಡರು. ಅವರು ಎರಡು ದಿನ ಊಟಕ್ಕೆ ಕೂತು ಮಾತಾಡಲಿಲ್ಲ.

ಕಥೆ ಚೆನ್ನಾಗಿತ್ತಾ ಅಂತ ಕೇಳಿದರೆ, ಕೊನೆಯ ಎರಡು ವರ್ಷ ಇರಲಿಲ್ಲ. ಎಳೆದರು, ಬಹಳ ಎಳೆದರು. ಸಿದ್ಧಾರ್ಥ್ ಆಗಿದ್ದ ವಿಜಯ್ ಸೂರ್ಯ ಮುಗಿಯೋಕೆ ಮುಂಚೆಯೇ ಬಿಟ್ಟು ಹೋದರು. ಇದು ಯಾವಾಗ ಮುಗಿಯುತ್ತೋ ಅಂತ ದಿನಾ ಗೊಣಗುತ್ತಿದ್ದವಳೇ ನಾನು. ಮುಗಿಯುತ್ತೆ ಅಂತ ನಿಜವಾಗಿ ಹೇಳಿದಾಗ ಮಾತ್ರ, ನನ್ನನ್ನು ಒಂದು ಮಾತು ಕೇಳದೆ ಮುಗಿಸಿಬಿಟ್ಟರಲ್ಲ ಅನ್ನಿಸಿತು. ಎಂಥಾ ಹುಚ್ಚು ನೋಡಿ.

ಕೊನೆಯ ಕಂತು ಜನವರಿ ಮೊದಲ ವಾರ. ಅವತ್ತು ಇನ್ನೂರು ರೊಟ್ಟಿ ಆರ್ಡರ್ ಇತ್ತು. ಗಿರಣಿ ಚಾಳದ ಅಕ್ಕ ಚಲೋ ಸೀರೆ ಉಟ್ಟುಕೊಂಡು ಬಂದಿದ್ದರು, ಹಿಟ್ಟಿನ ಕೆಲಸಕ್ಕೆ! ಧಾರವಾಡದಲ್ಲಿ ಕೆಲಸ ಮಾಡೋ ನಮ್ಮ ಯಜಮಾನರು ಚಿಗರಿ ಬಸ್ಸಿಂದ ಇಳಿದು ಸೀದಾ ಬಂದರು, ಕೈಯಲ್ಲಿ ಅರ್ಧ ಕಿಲೋ ಪೇಢೆ. ಅತ್ತೆ ಮುಖ ಗಂಟು ಹಾಕಿ, "ಮಂದಿ ಹೋಗುಮುಂದ ಯಾರರ ಪೇಢೆ ಹಂಚ್ತಾರೇನೋ?" ಅಂದರು. ಮೊದಲ ಪೇಢೆ ತಿಂದಿದ್ದೂ ಅವರೇ.

ಮೂರನೇ ಜಾಹೀರಾತು ಬಂತು. ಕರೆಂಟು ಹೋಯ್ತು.

ಯಾರೂ ಮಾತಾಡಲಿಲ್ಲ. ಹಂಚು ಕಾದಿತ್ತು, ಹಿಟ್ಟು ನಾದಿಟ್ಟಿತ್ತು, ಬಿಡೋ ಹಾಗಿರಲಿಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದೆ, ಅವರು ಬಡಿದರು. ಆ ಮಬ್ಬಿನಲ್ಲಿ ಗಿರಣಿ ಚಾಳದ ಅಕ್ಕ ಮೆಲ್ಲಗೆ, "ಆರು ವರ್ಷ ಕಾಯಿಸಿ ಹಿಂಗ ಮಾಡಿದ್ರಲ್ರಿ ಅಕ್ಕಾರ" ಅಂದು ಸೆರಗಿನಿಂದ ಕಣ್ಣೊರೆಸಿದರು, ಕೆನ್ನೆಗೆಲ್ಲ ಹಿಟ್ಟು. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂದಾಗ ಬೇರೆ ಏನೋ ನಡೀತಿತ್ತು. ಮರುದಿನ ಆಗಿದ್ದ ವೂಟ್ ಆ್ಯಪ್‌ನಲ್ಲಿ ಆ ಕಂತು ಹಾಕಿ ಮೊಬೈಲನ್ನು ಡಬ್ಬಿಗೆ ಆನಿಸಿ ಇಟ್ಟೆ. ಅಷ್ಟು ಚಿಕ್ಕದರಲ್ಲಿ ನಾಲ್ಕು ಜನ ಬಗ್ಗಿ ನೋಡೋದು ಹೇಗೆ? ಅತ್ತೆ ನೋಡಿದಂತೆ ಮಾಡಿ, "ಬ್ಯಾಡ ಬಿಡವಾ" ಅಂದರು. ನಾನೂ ಒಬ್ಬಳೇ ನೋಡಲಿಲ್ಲ.

ಆಮೇಲೆ ಆ ಹೊತ್ತಿಗೆ ಹೊಸ ಧಾರಾವಾಹಿ ಬಂತು. ಟಿವಿ ಹಚ್ಚಿಟ್ಟಿರುತ್ತಿದ್ದೆವು, ಅಷ್ಟೇ. ಕೈಯಲ್ಲಿ ಜೋರಿಲ್ಲ. ಖಾನಾವಳಿಯವರ ಫೋನ್ ಬಂದಿದ್ದು ಆಗಲೇ. ಇಟ್ಟ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಹಿಟ್ಟು ಸುಮಾರ ಐತಿ ಅಂತ ಯಾಕ ಹೇಳಿದಿ? ನಾಕ ಮಂದಿ ಏನಂತಾರ?" ನಾನೂ ಸುಮ್ಮನಿರಲಿಲ್ಲ, "ಮತ್ತ ನಿಮ್ಮ ಕೈ ಸುಮಾರ ಐತಿ ಅಂತ ಹೇಳಬೇಕಿತ್ತೇನ್ರಿ?" ಅಂದೆ. ಏಳು ವರ್ಷದಲ್ಲಿ ಹೀಗೆ ಮುಖಕ್ಕೆ ಮುಖ ಕೊಟ್ಟು ಆಡಿಕೊಂಡಿದ್ದು ಅದೇ ಮೊದಲು. ಎರಡು ದಿನ ಮತ್ತೆ ಉಪ್ಪು ಎಲ್ಲಿದೆ, ಹಾಲು ಬಂತಾ.

ಮೂರನೇ ದಿನ ಭೋಗಿಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಾ ಕೂತಿದ್ದೆವು. ಟಿವಿಯಲ್ಲಿ ಯಾವಳೋ ಒಬ್ಬಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಅತ್ತೆ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು.

"ಇದ್ರಾಗ ಕೆಟ್ಟಾಕಿ ಯಾರು ಅಂತನ ಗೊತ್ತಾಗವಲ್ದಲ್ಲ" ಅಂದರು, ನನಗೇ.

"ಇಣಕಾಕತ್ತಾಳಲ್ರಿ, ಅಕಿನ ಇರಬೇಕ್ರಿ" ಅಂದೆ.